ಕುಂಬಳದ ಮಡಿಗೆ ಪರದೆ

"ಮನುಷ್ಯರಿಗೆ ಮದುವೆ ಕುದುರಿಸೋ ದಲ್ಲಾಳಿಗಳನ್ನ ಬೇಕಾದಷ್ಟು ನೋಡಿದೀನಿ. ಕುಂಬಳಕಾಯಿಗೆ ಕುದುರಿಸೋರನ್ನ ನೋಡ್ತಿರೋದು ಇದೇ ಮೊದಲು ಕಣಪ್ಪಾ!" ಎಂದರು ಡ್ರೈವರಣ್ಣ, ಬೇಲಿಯಾಚೆಯಿಂದ ಕತ್ತು ಚಾಚಿ.

"ಏನ್ಮಾಡೋದಣ್ಣಾ, ಹುಡುಗನಿಗೆ ವಿಪರೀತ ನಾಚಿಕೆ. ತಾನಾಗೇ ಹುಡುಗಿ ಮನೆ ಬಾಗಿಲಿಗೆ ಹೋಗಲ್ಲ. ನಾವೇ ಕೈ ಹಿಡ್ಕೊಂಡು ಬಿಟ್ಟು ಬರ್ಬೇಕು," ಎಂದಳು ಹೆಂಡತಿ, ತಲೆಯೆತ್ತದೆ. ಅವಳ ಬೆರಳ ತುದಿಯಲ್ಲಿ ಎಸಳು ಕಿತ್ತ ಗಂಡು ಹೂವಿತ್ತು. ಅದರ ನಡುವಿನ ಹಳದಿ ದಿಂಡನ್ನು ಹೆಣ್ಣು ಹೂವಿನೊಳಗೆ ಮೆತ್ತಗೆ ಒತ್ತಿ, ಕಾಜಾ ಹೊಲಿಯುವಾಗ ಸೂಜಿ ತಿರುಗಿಸುವ ಹಾಗೆ ಒಂದು ಸುತ್ತು ತಿರುಗಿಸಿದಳು.

ಡ್ರೈವರಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಡತಿಯೂ ನಕ್ಕಳು. ಪಕ್ಕದಲ್ಲಿ ಇನ್ನೊಂದು ಗಂಡು ಹೂವು ಹಿಡಿದು ನಿಂತಿದ್ದ ಅವಳ ಗಂಡನಿಗೆ ಮಾತ್ರ ನಗು ಬರಲಿಲ್ಲ. ಈ ಹೊತ್ತಿನಲ್ಲಿ ಅವಳನ್ನು ನಗಿಸುವುದು ತನ್ನ ಕೆಲಸ, ಅದರಲ್ಲಿ ಈ ಮನುಷ್ಯ ಯಾಕೆ ಮೂಗು ತೂರಿಸಬೇಕು ಎಂದು ಅವನಿಗೆ ಅನ್ನಿಸಿತು.

ಅವನನ್ನು ಅಲ್ಲಿ ಎಲ್ಲರೂ ಬೇಕರಿಯವ ಎನ್ನುತ್ತಿದ್ದರು. ರಾತ್ರಿಯೆಲ್ಲ ಬ್ರೆಡ್ಡು ಬನ್ನು ಬೇಯಿಸಿ, ಬೆಳಕು ಹರಿಯುವಾಗ ಕಿವಿಯ ಸಂದಿಯಲ್ಲೂ ಮೈದಾಹಿಟ್ಟು ಮೆತ್ತಿಕೊಂಡು ನೇರವಾಗಿ ಇಲ್ಲಿಗೇ ಬರುತ್ತಿದ್ದ. ಇಲ್ಲಿಗೆ ಎಂದರೆ ನೀರಿನ ಟ್ಯಾಂಕಿನ ಹಿಂದೆ, ಅಂಗಳವಿಲ್ಲದ ಮನೆಗಳವರು ತರಕಾರಿ ಬೆಳೆದುಕೊಳ್ಳಲಿ ಎಂದು ಪುರಸಭೆ ತುಂಡು ತುಂಡು ಮಾಡಿ ಕೊಟ್ಟಿದ್ದ ಜಾಗಕ್ಕೆ. ಸುತ್ತ ಲಾರಿ ನಿಲ್ಲುವ ಬಯಲು, ತಗಡಿನ ಶೆಡ್ಡುಗಳು, ಡಾಂಬರು. ಹೂವಿಲ್ಲ, ಹಾಗಾಗಿ ಜೇನೂ ಇಲ್ಲ. ಮೊದಲ ಸಲ ಅವನು ಕುಂಬಳ ಹಾಕಿದಾಗ ಬಳ್ಳಿ ಹಬ್ಬಿದ್ದೇ ಹಬ್ಬಿದ್ದು. ಪಿಂದೆಗಳು, ಆ ಎಳೆ ಹೀಚುಗಳು, ಮಾತ್ರ ಹೆಬ್ಬೆರಳಿನಷ್ಟಾಗುತ್ತಿದ್ದಂತೆ ಹಳದಿಗೆ ತಿರುಗಿ ಉದುರಿಹೋದವು. ಬೀಜದಂಗಡಿಯವನಿಗೆ ತೋರಿಸಿದ್ದಕ್ಕೆ, "ಜೇನ್ನೊಣ ಬರದೇ ಇದ್ರೆ ಕಾಯಿ ಎಲ್ಲಿಂದ ಕಚ್ಚುತ್ತೆ? ನೀವೇ ನೊಣ ಆಗಿ, ಇನ್ನೇನು," ಎಂದಿದ್ದ.

ಅವನ ದಪ್ಪ ಬೆರಳಿಗೆ ಅದು ಒಗ್ಗಲಿಲ್ಲ. ಹೂವೇ ಮುರಿದು ಕೈಗೆ ಬರುತ್ತಿತ್ತು. ಹೆಂಡತಿ ಹೊಲಿಗೆ ಅಂಗಡಿಯಲ್ಲಿ ಅಳತೆ, ಮೆಷಿನ್ನಿನಿಂದ ಕಾಜಾ-ಗುಂಡಿಯವರೆಗೆ ಎಲ್ಲ ಮಾಡುವವಳು. "ಕೊಡಿ ಇಲ್ಲಿ, ಹಿಟ್ಟು ನಾದೋ ಕೈಗೆ ಇದೆಲ್ಲ ಬರಲ್ಲ," ಎಂದು ಕಿತ್ತುಕೊಂಡಿದ್ದಳು. ಅಂದಿನಿಂದ ಗಂಡು ಹೂವು ಹುಡುಕಿ, ಎಸಳು ಬಿಡಿಸಿ ಕೊಡುವುದು ಅವನದು, ಮುಟ್ಟಿಸುವುದು ಅವಳದು.

ಕುಂಬಳದ ಹೂವಿನ ಗುಣವೇ ಹಾಗೆ. ಬೆಳಕು ಬೀಳುವಾಗ ಅರಳುತ್ತದೆ, ಬಿಸಿಲು ಚುರುಕಾಗುವಷ್ಟರಲ್ಲಿ ಮುದುಡಿಕೊಳ್ಳುತ್ತದೆ. ಮಾಡುವುದಿದ್ದರೆ ಆ ಹೊತ್ತಿನಲ್ಲೇ ಮಾಡಬೇಕು. ಅವರಿಬ್ಬರ ಸಂಸಾರಕ್ಕೂ ಇದ್ದದ್ದು ಅದೇ ಹೊತ್ತು. ಅವನು ರಾತ್ರಿ ಪಾಳಿ, ಅವಳು ಹಗಲು. ಸಂಜೆ ಅವಳು ಬರುವಾಗ ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತಿರುತ್ತಿದ್ದ. ಹಾಸಿಗೆ ಕೂಡ ಪಾಳಿಯ ಮೇಲೆಯೇ. ಅವಳು ಎದ್ದ ಜಾಗದಲ್ಲಿ ಅವನು ಮಲಗುತ್ತಿದ್ದ. ಅವಳ ವಾರದ ರಜೆಯ ದಿನ ಬೇಕರಿಗೆ ದುಪ್ಪಟ್ಟು ಕೆಲಸ. ಹೀಗಾಗಿ ಬಳ್ಳಿಯ ನಡುವೆ ಕುಕ್ಕರಗಾಲಲ್ಲಿ ಕೂತ ಆ ಅರ್ಧ ಗಂಟೆಯಲ್ಲೇ ಅವರ ಮಾತು, ಜಗಳ, ಲೆಕ್ಕಾಚಾರ, ತಮಾಷೆ ಎಲ್ಲ ಮುಗಿಯಬೇಕಿತ್ತು.

ಅವಳು ಗಿರಾಕಿಗಳ ದನಿ ತೆಗೆದು ತೋರಿಸುತ್ತಿದ್ದಳು. "'ನನ್ನ ಸೊಂಟ ಮದುವೆ ದಿನ ಎಷ್ಟಿತ್ತೋ ಇವತ್ತೂ ಅಷ್ಟೇ ಕಣಮ್ಮ, ನಿನ್ನ ಟೇಪು ಕುಗ್ಗಿದೆ' ಅಂತಾರೆ ರೀ! ಹೊಟ್ಟೆ ನೋಡಿದ್ರೆ ನಮ್ಮ ಕುಂಬಳಕಾಯಿ ನಾಚ್ಕೋಬೇಕು." ಅವನು ನಗುತ್ತಿದ್ದ. ಅವನು ಬೇಕರಿ ಯಜಮಾನ ಜಿಪುಣತನದಿಂದ ಬೆಣ್ಣೆ ಸವರುವುದನ್ನು ಅಭಿನಯಿಸಿದರೆ ಅವಳು ನಗುತ್ತಿದ್ದಳು. ಅವನ ಪಾಲಿಗೆ ಇಡೀ ದಿನವೆಂದರೆ ಅಷ್ಟೇ. ಮಿಕ್ಕಿದ್ದು ಒಲೆ ಮತ್ತು ನಿದ್ದೆ.

ಇಂಥದ್ದರಲ್ಲಿ ಪಕ್ಕದ ತುಂಡಿಗೆ ಬಂದವರು ಡ್ರೈವರಣ್ಣ. ಬಸ್ಸು ಓಡಿಸಿ ನಿವೃತ್ತರಾದವರು. ಕೂತಲ್ಲಿ ಕೂರುವವರಲ್ಲ, ಸುಮ್ಮನಿರುವವರಂತೂ ಅಲ್ಲವೇ ಅಲ್ಲ. ಬದನೆ, ಟೊಮ್ಯಾಟೊ, ಸೌತೆ ಹಾಕಿದರು, ಅದು ಸರಿ. ಆದರೆ ಪ್ರತಿ ಸಾಲಿನ ಮಧ್ಯೆ ಚೆಂಡುಹೂವು, ಜಿನಿಯಾ, ಮೂಲೆ ಮೂಲೆಗೆ ಸೂರ್ಯಕಾಂತಿ. ಕೊತ್ತಂಬರಿಯನ್ನೂ ಸಬ್ಬಸಿಗೆಯನ್ನೂ ಕೊಯ್ಯದೆ ಹೂ ಬಿಡಲು ಬಿಟ್ಟರು. ಎದುರು ತುಂಡಿನ ಪೋಸ್ಟಾಫೀಸಿನಮ್ಮ, "ಡ್ರೈವರೇ, ಈ ಹೂವನ್ನೆಲ್ಲ ಹುರಿದು ತಿಂತೀರೋ, ಬೇಯಿಸಿ ತಿಂತೀರೋ?" ಎಂದು ಕೆಣಕಿದರು.

"ಇಷ್ಟು ವರ್ಷ ಜನ ಹತ್ಲಿ ಅಂತ ಸ್ಟ್ಯಾಂಡಿನಲ್ಲಿ ನಿಂತು ಹಾರ್ನ್ ಹೊಡೆದಿದೀನಿ ತಾಯಿ. ಇದು ಜೇನಿಗೆ ಹಾರ್ನು. ನೋಡ್ತಾ ಇರಿ, ಹೆಂಗೆ ಬಂದು ಹತ್ತುತ್ವೆ!"

ಬೇಕರಿಯವನೂ ಎಲ್ಲರ ಜೊತೆ ನಕ್ಕಿದ್ದ. ಅದೇ ಅವನ ಕೊನೆಯ ನಗು ಎನ್ನಬೇಕು.

ಯಾಕೆಂದರೆ ಜೇನು ಬಂದವು. ಮೊದಲು ಒಂದೆರಡು, ದಾರಿ ತಪ್ಪಿದವರ ಹಾಗೆ. ಆಮೇಲೆ ಸಂಸಾರ ಸಮೇತ. ಪುಟ್ಟ ಕರಿ ಜೇನು, ಪಟ್ಟೆಪಟ್ಟೆಯ ಜೇನು, ಮೋಟಾರಿನಂತೆ ಗುಂಯ್‌ಗುಡುವ ಕಪ್ಪು ದುಂಬಿ, ಚಿಟ್ಟೆಗಳು. ಒಂದು ಬೆಳಿಗ್ಗೆ ಹೆಂಡತಿ ಗಂಡು ಹೂವು ಹಿಡಿದು ಬಾಗಿದವಳು ಹಾಗೇ ನಿಂತಳು.

"ಅಯ್ಯೋ, ಇವಳ ಮನೆಗೆ ಆಗಲೇ ನೆಂಟರು ಬಂದುಬಿಟ್ಟಿದಾರೆ ರೀ!"

ಹೆಣ್ಣು ಹೂವಿನೊಳಗೆ ಎರಡು ಜೇನು, ಮೈತುಂಬ ಹಳದಿ ಪುಡಿ ಹೊಯ್ದುಕೊಂಡು ಹೊರಳಾಡುತ್ತಿದ್ದವು. ಪಕ್ಕದ ಹೂವಿನಲ್ಲೂ ಅದೇ ಕಥೆ. ಅದರಾಚೆಯದರಲ್ಲೂ. ಹೆಂಡತಿ ಕೈಯಲ್ಲಿದ್ದ ಹೂವನ್ನು ಬುಡಕ್ಕೆ ಎಸೆದು ಸೊಂಟ ನೆಟ್ಟಗೆ ಮಾಡಿಕೊಂಡಳು.

"ಇನ್ನು ನಾನ್ಯಾಕ್ರೀ ಏಳ್ಬೇಕು? ಇವೇ ಎಲ್ಲ ಮಾಡ್ಕೊಳ್ತಿವೆಯಲ್ಲ. ನಾಳೆಯಿಂದ ನಾನು ಹಾಯಾಗಿ ಮಲಗ್ತೀನಪ್ಪ."

"ಹೂಂ. ಮಲಕ್ಕೋ," ಎಂದ ಅವನು.

ಆ 'ಹೂಂ'ನೊಳಗೆ ತಾನು ಏನೇನು ತುಂಬಿದ್ದೇನೆಂದು ಅವಳಿಗೆ ತಾನಾಗಿಯೇ ತಿಳಿಯುತ್ತದೆ ಎಂದುಕೊಂಡಿದ್ದ. ತಿಳಿಯಲಿಲ್ಲ. ಮರುದಿನ ಅವಳು ಬರಲಿಲ್ಲ.

ಬಾ ಎಂದು ಕರೆಯಬಹುದಿತ್ತು. ಆದರೆ ಇಷ್ಟು ವಯಸ್ಸಾದ ಮೇಲೆ ಹೆಂಡತಿಗೆ 'ನೀನಿಲ್ಲದೆ ಬೇಜಾರು' ಎನ್ನುವುದು ಹೇಗೆ? ಬೇಡ, ಒಂದೆರಡು ದಿನ ನೋಡಲಿ, ಅವಳೇ ಬರುತ್ತಾಳೆ ಎಂದು ಅವನು ಎಂದಿನಂತೆ ಬೇಕರಿಯಿಂದ ನೇರವಾಗಿ ಬಂದು ಮಡಿಯ ಪಕ್ಕ ಕೂರತೊಡಗಿದ. ಹೂವು ಮುದುಡುವವರೆಗೆ ಕೂತು ಮನೆಗೆ ಹೋದರೆ ಅವಳು ಕೆಲಸಕ್ಕೆ ಹೊರಟುಹೋಗಿರುತ್ತಿದ್ದಳು.

ಕೂತು ಮಾಡುವುದೇನು? ಜೇನು ನೋಡುವುದು. ನೋಡಿದಷ್ಟೂ ಅವನ ಮೈ ಉರಿಯುತ್ತಿತ್ತು. ಏನು ಠೀವಿ, ಏನು ಸಲಿಗೆ! ಕರೆಯದೆ ಬರುವುದು, ಕೇಳದೆ ಒಳಗೆ ನುಗ್ಗುವುದು, ತಾನು ಹತ್ತು ಹೂವು ಮುರಿದು ಕಲಿಯಲಾಗದ ಕೆಲಸವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಿ ಮುಂದಿನ ಮನೆಗೆ ಹೋಗುವುದು. ತನ್ನ ಹೆಂಡತಿ ಕೂರುತ್ತಿದ್ದ ಜಾಗದಲ್ಲಿ ಈಗ ಇವು. ಅದೂ ಡ್ರೈವರಣ್ಣನ ಮನೆಯ ನೆಂಟರು.

ಬಳ್ಳಿ ಎಂದೂ ಇಲ್ಲದಷ್ಟು ಕಾಯಿ ಕಚ್ಚಿತು, ಅದು ಇನ್ನೊಂದು ಸಂಕಟ. ದೂರೋಣವೆಂದರೆ ದೂರಲು ಏನೂ ಇಲ್ಲ. ಎಲ್ಲರ ಬಾಯಲ್ಲೂ ಡ್ರೈವರಣ್ಣನದೇ ಮಾತು. ಅಂದು ನಕ್ಕಿದ್ದ ಪೋಸ್ಟಾಫೀಸಿನಮ್ಮನೇ ಈಗ, "ನಿಮ್ಮ ಹೂವಿನ ದೆಸೆಯಿಂದ ನನ್ನ ಸೌತೆ ನೋಡಿ ಹೆಂಗೆ ಇಳಿಬಿದ್ದಿವೆ!" ಎಂದು ಕೊಂಡಾಡುತ್ತಿದ್ದರು. ಡ್ರೈವರಣ್ಣ ಬೇಲಿಯ ಬಳಿ ಬಂದು ಅವನ ಬೆನ್ನು ತಟ್ಟಿದರು.

"ನಿನ್ನ ಯಜಮಾನ್ತಿಗೆ ರಜಾ ಕೊಡಿಸಿದೆ ನೋಡು ತಮ್ಮಾ! ಯಾವ ಯೂನಿಯನ್ನೂ ಕೊಡಿಸಿರಲಿಲ್ಲ."

"ದೊಡ್ಡ ಉಪಕಾರ ಆಯ್ತಣ್ಣಾ," ಎಂದ ಬೇಕರಿಯವ, ಹಲ್ಲು ಕಚ್ಚಿಕೊಂಡೇ ನಕ್ಕು.

ಅಷ್ಟಕ್ಕೇ ನಿಂತಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದ. ಒಂದು ಸಂಜೆ ಅವನು ಹೊರಡುವಾಗ ಬಾಗಿಲಲ್ಲಿ ಎದುರಾದ ಹೆಂಡತಿಯ ತಲೆಯಲ್ಲಿ ಅಂಗೈಯಗಲದ ಕೆಂಪು ಜಿನಿಯಾ!

"ಇದೇನಿದು?"

"ಡ್ರೈವರಣ್ಣ ಪ್ಯಾಂಟು ಬಿಗಿ ಮಾಡಿಸೋಕೆ ಅಂಗಡಿಗೆ ಬಂದಿದ್ರು. ಒಂದೊಂದು ಮೆಷಿನ್ನಿಗೆ ಒಂದೊಂದು ಹೂವು ಇಟ್ಟು ಹೋದ್ರು ರೀ! ಅಂಗಡಿಗೆ ಅಂಗಡಿಯೇ ಬೆಳಗ್ತಾ ಇತ್ತು," ಎಂದಳು ಅವಳು, ಖುಷಿಯಿಂದ. ಇದ್ದದ್ದೇ ಮೆಟ್ಟಿಲ ಮೇಲಿನ ಎರಡು ನಿಮಿಷ; ಅದರಲ್ಲೂ ಡ್ರೈವರಣ್ಣ ಬಂದು ಕೂತಿದ್ದರು.

ದಾರಿಯುದ್ದಕ್ಕೂ ಅವನ ಹೊಟ್ಟೆಯೊಳಗೆ ಬೇಕರಿಯ ಒಲೆಯೇ ಉರಿಯುತ್ತಿತ್ತು. ತಾನು ಇಷ್ಟು ವರ್ಷದಲ್ಲಿ ಅವಳ ಕೈಗೆ ಕೊಟ್ಟ ಹೂವೆಂದರೆ ಕುಂಬಳದ ಹೂವು, ಅದೂ ಎಸಳು ಕಿತ್ತಿದ್ದು. ಇದು ನೆನಪಾಗಿ ಉರಿ ಇನ್ನಷ್ಟು ಹೆಚ್ಚಿತು.

ಬೆಳಗಿನ ಜಾವ, ಸಕ್ಕರೆ ಪಾಕ ಸವರಿದ ಬನ್ನುಗಳನ್ನು ಆರಲು ಕಿಟಕಿಯ ಬಳಿ ಸಾಲಾಗಿ ಇಟ್ಟಿದ್ದರು. ಬೆಳಕಾಗುತ್ತಿದ್ದ ಹಾಗೆ ಒಂದು ಜೇನು ತೇಲಿ ಬಂದು ತಟ್ಟೆಯ ಅಂಚಿನ ಮೇಲೆ ಕೂತಿತು.

"ಇಲ್ಲಿಗೂ ಬಂದ್ಯಾ!" ಎಂದು ಅವನು ಸೌಟು ಎತ್ತಿದ.

"ಅದಕ್ಕ್ಯಾಕೆ ಯುದ್ಧ?" ಎಂದ ಹಿಟ್ಟು ಕಲಸುವವನು, ಮೂಲೆಯಲ್ಲಿದ್ದ ಬಿಳಿ ಬಲೆಯನ್ನು ಕೊಡವಿ ತಟ್ಟೆಗಳ ಮೇಲೆ ಹರಡುತ್ತ. "ಸಿಹಿ ಇದ್ದ ಕಡೆ ಇವು ಬರೋದೇ. ಮುಚ್ಚಿಟ್ರೆ ಮುಗೀತು."

ಬೇಕರಿಯವ ಸೌಟು ಹಿಡಿದುಕೊಂಡೇ ಬಲೆಯನ್ನು ನೋಡುತ್ತ ನಿಂತ. ಜೇನು ಬಲೆಯ ಮೇಲೆ ಅತ್ತಿಂದಿತ್ತ ಓಡಾಡಿ, ದಾರಿ ಕಾಣದೆ ಹಾರಿಹೋಯಿತು.

ಅಂದೇ ಅವನು ಅಂಗಡಿಯಿಂದ ದೊಡ್ಡದೊಂದು ಸೊಳ್ಳೆ ಪರದೆ ತಂದ. ನಾಲ್ಕು ಮೂಲೆಗೆ ಗೂಟ ನೆಟ್ಟು ಕುಂಬಳದ ಮಡಿಯ ಮೇಲೆ ಇಳಿಬಿಟ್ಟು, ಅಂಚಿಗೆ ಸುತ್ತಲೂ ಇಟ್ಟಿಗೆ ಹೇರಿದ. ಡ್ರೈವರಣ್ಣ ಕೇಳಿದ್ದಕ್ಕೆ, "ಕಾಯಿ ಕೊರೆಯೋ ನೊಣದ ಕಾಟ ಅಣ್ಣಾ," ಎಂದ.

"ಹಂಗಾದ್ರೆ ಬೆಳಿಗ್ಗೆ ಹೊತ್ತು ಸ್ವಲ್ಪ ತೆಗೆದಿಡು ತಮ್ಮಾ, ಜೇನು ಒಳಗೆ ಹೋಗ್ಲಿ."

"ನೋಡೋಣ, ನೋಡೋಣ."

ಬೆಳಿಗ್ಗೆ ಒಳಗೆ ಹೂವು ಅರಳಿದವು. ಹೊರಗೆ ಜೇನು ಬಂದು ಪರದೆಗೆ ಮುತ್ತಿಕೊಂಡವು. ಬೇಕರಿಯವ ಕೈ ಕಟ್ಟಿ ಕೂತು, "ಹ್ಞಾಂ, ಈಗ ತೋರಿಸಿ ನಿಮ್ಮ ಪ್ರತಾಪ," ಎಂದ. ಬಹಳ ದಿನಗಳ ಮೇಲೆ ಅವನಿಗೆ ಮನಸ್ಸು ತಣ್ಣಗಾಯಿತು. ಆ ತಂಪು ಹೆಚ್ಚು ದಿನ ಉಳಿಯಲಿಲ್ಲ. ಹೊಸ ಪಿಂದೆಗಳು ಹೆಬ್ಬೆರಳಿನಷ್ಟಾಗಿ, ಹಳದಿಗೆ ತಿರುಗಿ, ಒಂದೊಂದೇ ಉದುರಿದವು. ಉದುರಿದ್ದನ್ನು ಹೆಕ್ಕುವಾಗ ಪಾಪ ಎನ್ನಿಸಿತು. ಆದರೂ ಎದೆ ಗಟ್ಟಿ ಮಾಡಿಕೊಂಡ. ಬೇಕಿದ್ದದ್ದು ಅವನಿಗೆ ಇದೇ ತಾನೇ.

ಸಂಜೆ ಬಾಗಿಲಲ್ಲಿ ಹೆಂಡತಿ ಸಿಕ್ಕಾಗ, ಮುಖ ಸಪ್ಪಗೆ ಮಾಡಿಕೊಂಡು, "ಇವಳೇ, ಪಿಂದೆ ಎಲ್ಲ ಉದುರ್ತಿವೆ. ಜೇನು ಸರಿಯಾಗಿ ಬರ್ತಿಲ್ಲ ಅಂತ ಕಾಣುತ್ತೆ. ನೀನೇ ಬಂದು ಮುಟ್ಟಿಸ್ಬೇಕು," ಎಂದ.

ಅವಳು ಅವನ ಮುಖವನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿದಳು. "ಹೌದಾ? ಪಾಪ. ಆಯ್ತು, ನಾಳೆ ಬರ್ತೀನಿ."

ಅಂದು ಬೇಕರಿಯಲ್ಲಿ ಅವನ ಬ್ರೆಡ್ಡೂ ಅವನ ಹಾಗೇ ಉಬ್ಬಿ ಉಬ್ಬಿ ಬಂತು. ಅವಳು ಬರುವ ಮೊದಲೇ ಪರದೆ ಕಿತ್ತು ಶೆಡ್ಡಿಗೆ ಎಸೆದುಬಿಟ್ಟರೆ ಆಯಿತು ಎಂಬುದು ಅವನ ಎಣಿಕೆ. ಕೆಲಸ ಮುಗಿಯುತ್ತಿದ್ದಂತೆ ಮುಖವನ್ನೂ ತೊಳೆಯದೆ ಓಡೋಡಿ ಬಂದ.

ಹೆಂಡತಿ ಆಗಲೇ ಬಂದಿದ್ದಳು. ಬಕೆಟ್ಟು ಬೋರಲು ಹಾಕಿ, ಪರದೆಯ ಮುಂದೆ ಕೂತಿದ್ದಳು.

"ಬನ್ನಿ," ಎಂದಳು. "ನಿಮ್ಮ ಕುಂಬಳಕ್ಕೆ ಸೊಳ್ಳೆ ಕಚ್ಚುತ್ತಾ?"

"ಅದು… ನೊಣ… ಕಾಯಿ ಕೊರೆಯೋ ನೊಣ…"

"ಡ್ರೈವರಣ್ಣ ಪ್ಯಾಂಟು ತಗೊಳ್ಳೋಕೆ ಬಂದಾಗ ಹೇಳಿದ್ರು. 'ನಿಮ್ಮೆಜಮಾನ್ರಿಗೆ ಹೇಳಮ್ಮಾ, ಪರದೆ ಹಾಕಿದ್ರೆ ಜೇನು ಹೋಗಲ್ಲ, ಕಾಯಿ ನಿಲ್ಲಲ್ಲ' ಅಂತ. ನಾನಂದೆ, ನಮ್ಮೋರಿಗೆ ಅಷ್ಟೂ ಗೊತ್ತಿರಲ್ವಾ ಅಣ್ಣಾ, ಏನೋ ಯೋಚನೆ ಇಟ್ಕೊಂಡೇ ಮಾಡಿರ್ತಾರೆ ಅಂತ. ನಿನ್ನೆ ಸಂಜೆ ನೋಡಿದ್ರೆ ನೀವು ಅಳು ಮುಖ ಮಾಡ್ಕೊಂಡು ನಿಂತಿದೀರಿ. ಏನ್ರೀ ನಿಮ್ಮ ಯೋಚನೆ?"

ಬೇಕರಿಯವ ಇಟ್ಟಿಗೆಯೊಂದನ್ನು ಕಾಲಿನಿಂದ ಸರಿಸಿದ. ಮತ್ತೆ ಅಲ್ಲಿಗೇ ತಂದ.

"ನೀನು ಬರೋದು ಬಿಟ್ಯಲ್ಲ," ಎಂದ ಕೊನೆಗೆ. ಹೇಳಿದ ಮೇಲೆ ಅದು ತನ್ನ ದನಿಯೇ ಎಂದು ಅವನಿಗೇ ಅನುಮಾನವಾಯಿತು.

"ಅದಕ್ಕೆ ಕುಂಬಳಕಾಯಿನ ಉಪವಾಸ ಕೆಡವಿದ್ರಾ?"

"ಮತ್ತೇನು ಮಾಡ್ಲಿ? ಈ ಹೊತ್ತು ಬಿಟ್ರೆ ನೀನು ಎಲ್ಲಿ ಸಿಗ್ತೀಯ ನಂಗೆ? ಆ ಹಾಳು ಜೇನು ಬಂದ್ವು, ನೀನು ಹೋದೆ. ಎಷ್ಟು ಖುಷಿಯಾಗಿ ಹೋದೆ! ಹಾಯಾಗಿ ಮಲಗ್ತೀನಪ್ಪ, ಅಂದೆ."

ಅವಳು ನಗುತ್ತಾಳೆ ಎಂದುಕೊಂಡಿದ್ದ. ಅವಳಿಗೆ ಸಿಟ್ಟು ಬಂತು.

"ಮಲಗ್ಬಾರ್ದಾ? ಹಗಲೆಲ್ಲ ಮೆಷಿನ್ ತುಳಿಯೋ ಕಾಲು ಇವು. ಇಲ್ಲಿ ಕುಕ್ಕರಗಾಲಲ್ಲಿ ಕೂತು ಏಳೋವಾಗ ಮಂಡಿ ಹೆಂಗೆ ಹಿಡ್ಕೊಳ್ಳುತ್ತೆ ಅಂತ ಒಂದು ದಿನ ಕೇಳಿದೀರಾ? ಹೇಳಿದ್ರೆ ಬರ್ಬೇಡ ಅಂತೀರೇನೋ ಅಂತ ನಾನೇ ಬಾಯಿ ಮುಚ್ಕೊಂಡಿದ್ದೆ. ಜೇನು ಬಂದಾಗ, ಸದ್ಯ, ನನ್ನ ಮಂಡಿ ಉಳೀತು, ಅಂದ್ಕೊಂಡೆ. ಇನ್ನೊಂದೂ ಅಂದ್ಕೊಂಡೆ."

"ಏನು?"

"ನನಗೆ ಇಲ್ಲಿ ಕೆಲಸ ಇಲ್ಲ ಅಂದ್ರೆ ನಿಮಗೂ ಇಲ್ವಲ್ಲ! ನೀವು ನೆಟ್ಟಗೆ ಮನೆಗೆ ಬರ್ತೀರ, ಗೋಡೆಗೆ ಒರಗಿ ಕೂತು ಟೀ ಕುಡೀತಾ ಮಾತಾಡ್ಬಹುದು ಅಂತ. ಮೊದಲ ದಿನ ಎರಡು ಲೋಟ ಟೀ ಮಾಡಿಟ್ಕೊಂಡು ಕಾದೆ. ನಿಮ್ಮದೂ ನಾನೇ ಕುಡಿದು ಹೋದೆ. ಮಾರನೇ ದಿನನೂ ಕಾದೆ. ನೀವು ಬರ್ಲೇ ಇಲ್ಲ. ಕೆಲಸ ಇಲ್ಲದೆ ಇದ್ರೂ ಈ ಬಳ್ಳಿ ಮುಂದೆ ಬಂದು ಕೂತ್ಕೊಂಡ್ರಿ. ಆಗ ನನಗೆ ಹೆಂಗೆ ಉರೀತು ಗೊತ್ತಾ? ಓಹೋ, ಇವರು ಇಷ್ಟು ದಿನ ಓಡಿ ಬರ್ತಿದ್ದುದು ಈ ದಪ್ಪ ಎಲೆಯವಳಿಗೋಸ್ಕರ, ನನಗೋಸ್ಕರ ಅಲ್ಲ ಅಂತ."

ಬೇಕರಿಯವ ಬಳ್ಳಿಯ ದಪ್ಪ ಎಲೆಗಳ ಕಡೆಗೊಮ್ಮೆ ನೋಡಿದ. ಮನೆಗೆ ಹೋಗಬಹುದಿತ್ತು. ಇಷ್ಟು ಸಣ್ಣ ವಿಷಯ. ತಾನು ಇಲ್ಲಿ ಜೇನುಗಳ ಮೇಲೆ ಹಲ್ಲು ಮಸೆಯುತ್ತ ಕೂತಿದ್ದಾಗ, ನಾಲ್ಕು ಬೀದಿ ಆಚೆ ತನ್ನ ಪಾಲಿನ ಟೀ ಆರುತ್ತಿತ್ತು. ಜೇನು ಅವನಿಂದ ಏನನ್ನೂ ಕಿತ್ತುಕೊಂಡಿರಲಿಲ್ಲ, ಬಿಡುವು ಮಾಡಿಕೊಟ್ಟಿದ್ದವು. ಆ ಬಿಡುವನ್ನೆಲ್ಲ ಹೊಟ್ಟೆಕಿಚ್ಚಿಗೆ ಹಾಕಿ ಸುಟ್ಟಿದ್ದವನು ಅವನೇ.

"ನನಗೇನು ಗೊತ್ತು, ನೀನು ಕಾಯ್ತಿದೀಯ ಅಂತ," ಎಂದು ಗೊಣಗಿದ.

"ನನಗೇನು ಗೊತ್ತು, ನೀವು ಪರದೆ ಕಟ್ತೀರ ಅಂತ."

"ಮತ್ತೆ ಆ ಹೂವು? ತಲೆಗೆ ಮುಡ್ಕೊಂಡು ಬಂದಿದ್ಯಲ್ಲ."

"ಅಯ್ಯೋ ಶಿವನೇ, ಅದೂ ಇತ್ತಾ ಲೆಕ್ಕದಲ್ಲಿ? ಅದನ್ನ ನಿಮಗೆ ತೋರಿಸ್ಬೇಕು ಅಂತಾನೇ ದಿನವೆಲ್ಲ ನೀರಲ್ಲಿ ಇಟ್ಟು ಮುಡ್ಕೊಂಡು ಬಂದಿದ್ದೆ ರೀ. ಚೆನ್ನಾಗಿದೆ ಅಂತ ಒಂದು ಮಾತು ಬರ್ಲಿಲ್ಲ ಬಾಯಿಂದ. 'ಇದೇನಿದು' ಅಂತೆ!"

"ಚೆನ್ನಾಗೇ ಇತ್ತು."

"ಈಗ ಹೇಳಿ!"

ಪರದೆಯ ಹೊರಗೆ ಜೇನುಗಳ ಸದ್ದು ಜೋರಾಗುತ್ತಿತ್ತು. ಒಳಗೆ ಹೂವುಗಳು ಪೂರ್ತಿ ಅರಳಿ ನಿಂತಿದ್ದವು. ಅವನು ಇಟ್ಟಿಗೆಗಳನ್ನು ಎತ್ತಿಟ್ಟು ಪರದೆಯನ್ನು ಮೇಲೆತ್ತಲು ನೋಡಿದ, ಬರಲಿಲ್ಲ. ಇಷ್ಟು ದಿನಗಳಲ್ಲಿ ಬಳ್ಳಿಯ ಎಳೆಕುಡಿಗಳು ಪರದೆಯ ಕಣ್ಣು ಕಣ್ಣಿಗೂ ಸುರುಳಿ ಸುತ್ತಿಕೊಂಡು ಬಿಗಿಯಾಗಿ ಹಿಡಿದಿದ್ದವು. ಅವನು ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಬಿಡಿಸತೊಡಗಿದ. ದಪ್ಪ ಬೆರಳು, ನಿಧಾನದ ಕೆಲಸ. ಹೆಂಡತಿ ನಿಂತು ನೋಡಿದಳು.

"ಬೇಕು ಬೇಕು ಅಂತ ನಿಧಾನ ಮಾಡ್ತಿದೀರಲ್ವಾ?"

"ಇಲ್ಲ ಮಾರಾಯ್ತಿ, ಕುಡಿ ಮುರೀಬಾರ್ದು ಅಂತ…"

"ಈ ವೇಗದಲ್ಲಿ ಹೋದ್ರೆ ನಾನು ಅಂಗಡಿಗೆ ಹೊರಡೋ ಹೊತ್ತಾಗುತ್ತೆ. ಟೀ ಮತ್ತೆ ನಾಳೆಗೆ," ಎಂದು ಅವಳು ಸೊಂಟದ ಚೀಲದಿಂದ ದಾರ ಕತ್ತರಿಸುವ ಪುಟ್ಟ ಕತ್ತರಿ ತೆಗೆದಳು. "ಆ ತುದಿ ಹಿಡ್ಕೊಳ್ಳಿ. ಗಟ್ಟಿಯಾಗಿ ಎಳೀರಿ."

"ಹೊಸ ಪರದೆ ಕಣೇ ಇದು!"

"ಎಳೀರಿ ಅಂದ್ನಲ್ಲ."

ಅವನು ಎಳೆದು ಹಿಡಿದ. ಅವಳು ಅಳತೆ ಗಿಳತೆ ನೋಡದೆ ಈ ಮೂಲೆಯಿಂದ ಆ ಮೂಲೆಗೆ ಸರಸರನೆ ಕತ್ತರಿ ಓಡಿಸಿದಳು. ಪರದೆ ಪಟ್ಟನೆ ಎರಡಾಯಿತು. ಹಿಡಿತ ತಪ್ಪಿದ ಬೇಕರಿಯವ ಅರ್ಧ ಪರದೆಯ ಸಮೇತ ಹಿಂದಕ್ಕೆ ಮುಗ್ಗರಿಸಿ, ಬೇಲಿಯ ಸಂದಿಯಿಂದ ಡ್ರೈವರಣ್ಣನ ಚೆಂಡುಹೂವಿನ ಸಾಲಿನ ನಡುವೆ ಧೊಪ್ಪನೆ ಕೂತುಬಿಟ್ಟ. ಜೇನುಗಳು ಗುಂಯ್ ಎಂದು ಒಮ್ಮೆಗೇ ಮೇಲೆದ್ದವು. ಅವನ ಹಿಟ್ಟು ಮೆತ್ತಿದ ಮುಖದ ಸುತ್ತ ಒಂದು ಸುತ್ತು ಹಾಕಿದವು. ಅಲ್ಲಿ ತಮಗೆ ಬೇಕಾದ್ದು ಏನೂ ಸಿಗದೆ, ಪರದೆ ಸರಿದಿದ್ದ ಕುಂಬಳದ ಕಡೆಗೆ ಹೊರಟವು.